ನೆಲ ಕರಗುವವರೆಗೆ

ಸೇಂಟ್ ಉರ್ಸುಲ್ ಬೀದಿ, ಕೆಬೆಕ್
2 ಫೆಬ್ರವರಿ 1986

ಪ್ರೀತಿಯ ಜಿನೆಟ್,

ಸುದ್ದಿ ಹೇಳಿದ ಮೇಲೆ ಮತ್ತೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನನ್ನ ಉಸಿರಿನ ಸದ್ದಿಗೇ ನೀನು ಫೋನ್ ಇಟ್ಟೆ. ಹಾಗಾಗಿ ಕಾಗದ. ಕಾಗದವನ್ನೂ ಅರ್ಧಕ್ಕೆ ಮಡಚಿ ಇಡಬಹುದು, ಆದರೆ ಅದು ಮೇಜಿನ ಮೇಲೆ ಕೂತೇ ಇರುತ್ತದೆ.

ನಿನ್ನಮ್ಮನ ಅಂತಿಮ ಪೂಜೆಗೆ ಚರ್ಚು ಅರ್ಧ ತುಂಬಿತ್ತು. ಆ ಹಿಮಗಾಳಿಯಲ್ಲಿ ಅರ್ಧವೆಂದರೆ ಬಹಳ. ಆಮೇಲೆ ನೆಲಮಾಳಿಗೆಯಲ್ಲಿ ಎಂದಿನಂತೆ ಅಂಚು ಕತ್ತರಿಸಿದ ಮೊಟ್ಟೆಯ ಸ್ಯಾಂಡ್‌ವಿಚ್. ಎದುರು ಮನೆಯ ವೆಲೆಟ್ ಅಮ್ಮ ನನ್ನ ತಟ್ಟೆಗೆ ಆರು ಇಟ್ಟು, "ತಿನ್ನು ರೊಸೇರ್. ದುಃಖ ಬಂದ್ರೆ ಹೆಂಗಸರು ಊದ್ತೀವಿ, ಗಂಡಸರು ಒಣಗಿ ಸೌದೆ ಆಗ್ತೀರ" ಅಂದಳು. ಐದು ತಿಂದೆ. ಒಂದನ್ನು ಜೇಬಿನಲ್ಲಿಟ್ಟುಕೊಂಡೆ, ಯಾಕೋ ಗೊತ್ತಿಲ್ಲ.

ಪೂಜೆ ಮುಗಿದ ಮೇಲೆ ಸುದ್ದಿ ಹೇಳಿದಾಗ ನೀನು ಕೇಳಿದ ಪ್ರಶ್ನೆ ಕಿವಿಯಲ್ಲೇ ಇದೆ. "ನಾಲ್ಕು ದಿನ ಆಸ್ಪತ್ರೆ, ಮೂರು ದಿನ ಶವಪೆಟ್ಟಿಗೆ. ಏಳು ದಿನದಲ್ಲಿ ನಂಗೊಂದು ಫೋನ್ ಮಾಡೋಕೆ ಆಗ್ಲಿಲ್ವಾ ಅಪ್ಪ?" ಹೇಳುತ್ತೇನೆ, ಕೇಳು. ಆ ಏಳು ದಿನ ನದಿಯ ದಂಡೆಯುದ್ದಕ್ಕೂ ಯಾವುದು ರಸ್ತೆ, ಯಾವುದು ಹೊಲ ಎಂದು ದೇವರಿಗೂ ಗೊತ್ತಿರಲಿಲ್ಲ. ಮೂವತ್ತೊಂದು ಚಳಿಗಾಲ ಆ ರಸ್ತೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸಿದವನು ನಾನು. ಲಾರಿಯ ಮುಂದಿನ ನೇಗಿಲಿಗೆ ಹಿಮದಡಿ ಏನೇನು ಸಿಗುತ್ತಿತ್ತು ಎಂದು ಮನೆಯಲ್ಲಿ ಎಂದೂ ಹೇಳಿದವನಲ್ಲ, ಈಗಲೂ ಹೇಳುವುದಿಲ್ಲ. ಹ್ಯಾಲಿಫ್ಯಾಕ್ಸಿಗೆ ಫೋನ್ ಮಾಡಿದ್ದರೆ ಅರ್ಧ ಗಂಟೆಯಲ್ಲಿ ನೀನು ಕಾರಿನಲ್ಲಿರುತ್ತಿದ್ದೆ. ನಿನ್ನನ್ನು ಬಲ್ಲೆ. ನಿನ್ನಮ್ಮನೂ ಅದನ್ನೇ ಅಂದಳು, ಈ ಹವೆಯಲ್ಲಿ ಮಗಳು ರಸ್ತೆಗಿಳಿಯುವುದು ಬೇಡ ಎಂದು.

ಮತ್ತೆ, ಅವಸರವೇನು ಅಂದುಕೊಂಡೆ. ನಿನಗೆ ಮರೆತಿಲ್ಲ ತಾನೇ, ಇಲ್ಲಿ ಚಳಿಗಾಲದಲ್ಲಿ ಸತ್ತವರಿಗೆ ಮೇ ತಿಂಗಳವರೆಗೆ ಮಣ್ಣಿಲ್ಲ. ನೆಲ ನಾಲ್ಕಡಿ ಆಳಕ್ಕೆ ಕಲ್ಲಾಗಿದೆ. ಪೂಜೆ ಈಗ, ಮಣ್ಣು ಆಮೇಲೆ. ಅಲ್ಲಿಯವರೆಗೆ ಅವಳು ಸ್ಮಶಾನದ ಕಲ್ಲುಮನೆಯಲ್ಲಿ ಉಳಿದವರ ಜೊತೆ ಇದ್ದಾಳೆ. ಮಗಳು ನೆಲ ಕರಗಿದ ಮೇಲೆ ಬರಲಿ, ನಿಜವಾದ ಬೀಳ್ಕೊಡುಗೆ ಅದೇ ಅಲ್ಲವೇ ಅಂದುಕೊಂಡೆ. ನಾನು ಯೋಚಿಸಿದ್ದು ಅಷ್ಟೇ.

ಕಾರ್ನಿವಲ್ ಶುರುವಾಗಿದೆ. ಬೀದಿಯಲ್ಲಿ ದೊಡ್ಡವರೂ ಪ್ಲಾಸ್ಟಿಕ್ ತುತ್ತೂರಿ ಊದಿಕೊಂಡು ಹೋಗುತ್ತಿದ್ದಾರೆ. ಕಿಟಕಿಗೆ ಕಂಬಳಿ ಹಾಕಿದ್ದೇನೆ.

ನಿನ್ನ ಅಪ್ಪ,
ರೊಸೇರ್


ಹ್ಯಾಲಿಫ್ಯಾಕ್ಸ್
19 ಫೆಬ್ರವರಿ

ಅಪ್ಪ,

ಸ್ಯಾಂಡ್‌ವಿಚ್ಚಿನ ವಿಷಯ ಓದಿದೆ. ಹವೆಯ ವಿಷಯವನ್ನೂ ಓದಿದೆ.

ಪೆಟ್ಟಿಗೆಗೆ ಮಣ್ಣು ಹಾಕುವುದು ಮೇ ತಿಂಗಳಲ್ಲಿರಬಹುದು. ನೋಡಲು ಅವಳ ಮುಖ ಇದ್ದದ್ದು ಜನವರಿಯಲ್ಲಿ.

ಮಗಳು ರಸ್ತೆಗಿಳಿಯುವುದು ಬೇಡ ಎಂದು ಅಮ್ಮ ಹೇಳಿದಳು ಅನ್ನುತ್ತೀಯ. ಅದು ಅವಳ ಮಾತಿನ ಹಾಗಿಲ್ಲ, ನಿನ್ನ ಮಾತಿನ ಹಾಗಿದೆ. ಅವಳು ನನ್ನನ್ನು ಕೇಳಿದಳಾ? ಕೇಳಿದ್ದರೆ ಯಾವ ಮಾತಿನಲ್ಲಿ ಕೇಳಿದಳೋ ಅದೇ ಮಾತಿನಲ್ಲಿ ಬರೆ. ಬೇರೇನೂ ಬೇಡ.

ಜಿನೆಟ್


ಕೆಬೆಕ್
1 ಮಾರ್ಚ್

ಪ್ರೀತಿಯ ಜಿನೆಟ್,

ಕಾಗದ ಸಿಕ್ಕಿತು. ಈ ವಾರ ಎರಡು ಸಲ ಮನೆಯ ಮಾಡಿನ ಹಿಮ ತೆಗೆಸಿದೆ. ತೆಗೆಯಲು ಬಂದ ಇಬ್ಬರಲ್ಲಿ ಒಬ್ಬ ಅಲ್ಲೇ ಮೇಲೆ ನಿಂತು ಸಿಗರೇಟು ಹಚ್ಚಿದ. "ಸೇದೋದು ಕೆಳಗೆ ಬಂದು ಸೇದಪ್ಪ, ಬಿದ್ರೆ ಎರಡು ಕೆಲಸ" ಅಂದೆ. "ಬಿದ್ರೆ ಒಂದೇ ಕೆಲಸ ಯಜಮಾನ್ರೇ, ಅದೂ ನಿಮ್ದು" ಅಂದ. ಈಗಿನವರ ನಾಲಿಗೆ.

ಬಟಾಣಿ ಸೂಪನ್ನು ಇನ್ನೂ ಇಬ್ಬರ ಅಳತೆಗೇ ಮಾಡುತ್ತಿದ್ದೇನೆ. ಒಬ್ಬನ ಅಳತೆ ಕೈಗೆ ಬರುವುದಿಲ್ಲ. ಉಪ್ಪು ಹಾಕಿದ ಹಂದಿಯ ತುಂಡು ಇಬ್ಬರಿಗೆಂದೇ ಹುಟ್ಟಿದ್ದು, ಅದನ್ನು ಅರ್ಧ ಮಾಡಿದರೆ ರುಚಿ ಇಳಿಯುತ್ತದೆ. ವೆಲೆಟ್ ಅಮ್ಮನಿಗೆ ಒಂದು ಬಟ್ಟಲು ಕೊಡುತ್ತೇನೆ. ನಿನ್ನಮ್ಮ ಸಿಮೋನ್ ಮಾಡುತ್ತಿದ್ದಷ್ಟು ಗಟ್ಟಿಯಿಲ್ಲ ಎಂದು ದಿನಾ ಹೇಳಿ ದಿನಾ ತಿನ್ನುತ್ತಾಳೆ.

ಪ್ರತಿ ಭಾನುವಾರ ಬಸ್ಸಿನಲ್ಲಿ ಸ್ಮಶಾನಕ್ಕೆ ಹೋಗುತ್ತೇನೆ. ಕಾವಲುಗಾರ ಓನೆಸಿಮ್ ನನ್ನ ಜೊತೆ ಹಿಮದ ಲಾರಿಯಲ್ಲಿದ್ದವನು, ನಿನಗೆ ನೆನಪಿರಲಾರದು. "ಈ ಸಲ ಇಪ್ಪತ್ತೇಳು ಜನ ಇದ್ದಾರೆ. ಬಾಡಿಗೆದಾರರು ಅಂದ್ರೆ ಹಿಂಗಿರಬೇಕು, ಗಲಾಟೆಯಿಲ್ಲ, ತಕರಾರಿಲ್ಲ" ಅಂದ. "ನನ್ನವಳು ಮಾಡ್ತಾಳೆ, ನೋಡ್ತಿರು" ಅಂದೆ. ನಕ್ಕ. ಆಮೇಲೆ ಬೀಗದ ಕೈ ತೋರಿಸಿ, "ನೋಡ್ಬೇಕು ಅನ್ಸಿದ್ರೆ ಹೇಳು, ನಿಂಗಾದ್ರೆ ತೆಗಿತೀನಿ" ಅಂದ. ಬೇಡ ಅಂದೆ. ಬಸ್ಸಿಗೆ ಹೊತ್ತಾಯಿತು ಅಂದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಅವಳಿಗೆ ನೋವೇನೂ ಇರಲಿಲ್ಲ. ಡಾಕ್ಟರು ಹೇಳಿದ ಮಾತು ಇದು, ನನ್ನದಲ್ಲ.

ಮಾಲ್ಕಮ್‌ಗೆ ನನ್ನ ನಮಸ್ಕಾರ.

ಅಪ್ಪ


ಕೆಬೆಕ್
24 ಮಾರ್ಚ್

ಶ್ರೀ ಮಾಲ್ಕಮ್ ಅವರಿಗೆ,

ಡಿಯರ್ ಸರ್ ಎಂದು ಶುರು ಮಾಡಿ ಹರಿದು ಹಾಕಿದೆ. ಹದಿನಾರು ವರ್ಷದಿಂದ ಅಳಿಯನಾಗಿರುವವರಿಗೆ ಡಿಯರ್ ಸರ್ ಅನ್ನುವುದು ಚೆನ್ನಾಗಿ ಕಾಣಲಿಲ್ಲ. ನಿಮಗೆ ನಮ್ಮ ಫ್ರೆಂಚ್ ಬಾರದೆಂದು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ, ಅದನ್ನು ಕಲಿತದ್ದು ಕಾಲೇಜಿನಲ್ಲಿ ಎರಡು ವರ್ಷ, ಪಾದ್ರಿಯೊಬ್ಬರ ಬೆತ್ತದ ಕೆಳಗೆ. ಅವರು ಕಲಿಸಿದ್ದು ವ್ಯಾಪಾರದ ಪತ್ರಗಳನ್ನು ಮಾತ್ರ. ತಮ್ಮ ಪತ್ರ ತಲುಪಿತು, ಸರಕು ತಲುಪಲಿಲ್ಲ, ತಮ್ಮ ಉತ್ತರದ ನಿರೀಕ್ಷೆಯಲ್ಲಿ. ಅಪ್ಪ ತೀರಿಕೊಂಡದ್ದರಿಂದ ಮೂರನೆಯ ವರ್ಷ ಕಾಲೇಜು ಬಿಟ್ಟು ಲಾರಿ ಹತ್ತಿದೆ. ಬೇರೆ ವಿಷಯಗಳಿಗೆ ಬೇಕಾಗುವ ಇಂಗ್ಲಿಷನ್ನು ಪ್ರಾಯಶಃ ಮೂರನೆಯ ವರ್ಷದಲ್ಲಿ ಹೇಳಿಕೊಡುತ್ತಿದ್ದರು.

ಜಿನೆಟ್ ನಿಮ್ಮನ್ನು ಮದುವೆಯಾಗುತ್ತೇನೆ ಅಂದಾಗ ನಾನು ಒಂದು ಮಾತು ಆಡಿದ್ದೆ. ಅದನ್ನು ಅವಳು ನಿಮಗೆ ಅನುವಾದಿಸಿ ಹೇಳಿದಳೋ ಇಲ್ಲವೋ ತಿಳಿಯದು. ಹೇಳಿದ್ದರೆ ಈಗ ಹಿಂತೆಗೆದುಕೊಳ್ಳುತ್ತೇನೆ.

ಅವಳು ನನಗೆ ಬರೆಯುತ್ತಿಲ್ಲ. ಅವಳ ಕೋಪದ ಬಗ್ಗೆ ಕೇಳುವ ಹಕ್ಕು ನನಗಿಲ್ಲ. ಊಟ ಮಾಡುತ್ತಾಳೆಯೇ, ಕೆಲಸಕ್ಕೆ ಹೋಗುತ್ತಾಳೆಯೇ, ಅಷ್ಟು ತಿಳಿಸಿದರೆ ಸಾಕು. ಮೇ ತಿಂಗಳಲ್ಲಿ ಮಣ್ಣು ಮಾಡುವ ಹೊತ್ತಿಗೆ ಬರುತ್ತಾಳೆಯೇ ಎನ್ನುವುದನ್ನು ಕೇಳದೆ ಇರಲು ಪ್ರಯತ್ನಿಸಿದೆ. ನೋಡಿ, ಕೇಳಿಬಿಟ್ಟೆ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,
ರೊಸೇರ್ ಲೆತೂರ್ನೊ


ಹ್ಯಾಲಿಫ್ಯಾಕ್ಸ್
1 ಏಪ್ರಿಲ್

ಮಾನ್ಯ ಲೆತೂರ್ನೊ ಅವರಿಗೆ,

ನಿಮ್ಮ ಇಂಗ್ಲಿಷ್ ನನ್ನ ಫ್ರೆಂಚಿಗಿಂತ ನೂರು ಪಾಲು ಮೇಲು. ಆ ಮಾತನ್ನು ಅವಳು ಅನುವಾದಿಸಿರಲಿಲ್ಲ. ಈಗ ಕೇಳಿದೆ, ಹೇಳಿದಳು. ಇಬ್ಬರೂ ಸ್ವಲ್ಪ ನಕ್ಕೆವು. ಎರಡು ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ, ಆದ್ದರಿಂದ ನಿಮಗೆ ನಾನೇ ಕೃತಜ್ಞ.

ಊಟ ಮಾಡುತ್ತಾಳೆ. ಕೆಲಸಕ್ಕೆ ಹೋಗುತ್ತಾಳೆ.

ನಿಮ್ಮ ಪತ್ರ ಓದಿ ನನಗೆ ಗೊಂದಲವಾಯಿತು. ಅವಳು ಮಾರ್ಚ್ ಹದಿನೈದರ ಶನಿವಾರ ನಿಮ್ಮ ಊರಿಗೆ ಬಂದಿದ್ದಳು. ಒಬ್ಬಳೇ ಕಾರು ಓಡಿಸಿಕೊಂಡು ಬಂದು ಭಾನುವಾರ ಹಿಂದಿರುಗಿದಳು. ನಿಮ್ಮನ್ನು ಕಂಡಳೆಂದೇ ತಿಳಿದಿದ್ದೆ. ಕಾಣಲಿಲ್ಲವೆಂದು ನಿಮ್ಮ ಪತ್ರದಿಂದ ತಿಳಿಯಿತು. ಅದನ್ನು ಅವಳ ಮುಂದಿಟ್ಟೆ. ತಾನೇ ಬರೆಯುತ್ತೇನೆ ಅಂದಳು.

ನಿಮ್ಮ,
ಮಾಲ್ಕಮ್


ಹ್ಯಾಲಿಫ್ಯಾಕ್ಸ್
6 ಏಪ್ರಿಲ್

ಅಪ್ಪ,

ಹೌದು, ಬಂದಿದ್ದೆ.

ಮೊದಲು ಸ್ಮಶಾನಕ್ಕೆ ಹೋದೆ. ಗಾಜುಮಳೆ ಶುರುವಾಗಿತ್ತು. ಮಳೆಯಾಗಿಯೇ ಬಿದ್ದು, ತಾಗಿದ್ದರ ಮೇಲೆಲ್ಲ ಮಂಜುಗಡ್ಡೆಯಾಗುತ್ತಿತ್ತು. ಕಾರಿನ ಬಾಗಿಲು ಎರಡು ನಿಮಿಷದಲ್ಲಿ ಅಂಟಿಕೊಂಡಿತು. ನಿನ್ನ ಓನೆಸಿಮ್ ಬೀಗಕ್ಕೆ ಬಿಸಿನೀರು ಹುಯ್ದು ತೆಗೆದ. "ಯಾರ ಕಡೆಯವಳಮ್ಮ?" ಅಂದ. ಸಿಮೋನ್ ಮಗಳು ಅಂದೆ. "ನಿಮ್ಮಪ್ಪ ವಾರ ವಾರ ಬಂದು ಈ ಬಾಗಿಲು ನೋಡಿ ಹೋಗ್ತಾನೆ. ಒಳಗೆ ಬರಲ್ಲ. ನೀನಾದ್ರೂ ಬಾ." ಪೆಟ್ಟಿಗೆಗಳು ಗೋಡೆಯುದ್ದಕ್ಕೂ ಮೂರು ಸಾಲು, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಅಮ್ಮ ನಡುವಿನ ಸಾಲಿನಲ್ಲಿ, ಬಲಗಡೆಯಿಂದ ನಾಲ್ಕನೆಯವಳು. ಮುಚ್ಚಳದ ಮೇಲೆ ಕೈಯಿಟ್ಟೆ, ಅಷ್ಟೇ. ತೆಗೆಯಿರಿ ಅನ್ನಲು ಬಾಯಿ ಬರಲಿಲ್ಲ. "ಅವಸರ ಮಾಡ್ಬೇಡ, ಇಲ್ಲಿ ಯಾರಿಗೂ ಅವಸರ ಇಲ್ಲ" ಎಂದು ಅವನು ಹೊರಗೆ ಹೋಗಿ ಆ ಮಳೆಯಲ್ಲೇ ನಿಂತ.

ಆಮೇಲೆ ಊರೊಳಗೆ ಬಂದೆ. ಕೋಟೆಬಾಗಿಲ ಆಚೆಯೇ ಕಾರು ಬಿಟ್ಟು ನಡೆದೆ. ನಡೆದೆ ಅನ್ನುವುದು ಸುಳ್ಳು, ಗೋಡೆ ಹಿಡಿದುಕೊಂಡು ತೆವಳಿದೆ. ಕೋಟೆಯ ಕಲ್ಲಿಗೆಲ್ಲ ಗಾಜಿನ ತೊಗಲು ಬೆಳೆದಿತ್ತು. ಬಾಗಿಲ ಕಮಾನಿನ ಕೆಳಗೆ ಒಂದು ಜೋಡಿ, ಅಮೆರಿಕದವರು, ಫೋಟೋ ತೆಗೆದುಕೊಡಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ತೆಗೆದೆ. ಯಾವ ಊರು ನಿಮ್ಮದು ಅಂದರು. ಹ್ಯಾಲಿಫ್ಯಾಕ್ಸ್ ಅಂದೆ. ಅಯ್ಯೋ ಪಾಪ, ನೀವೂ ಈ ಹವೆಯಲ್ಲೇ ಬರಬೇಕಾಯಿತಾ ಅಂದರು.

ನಮ್ಮ ಬೀದಿಗೆ ಬಂದೆ. ನೀನು ಬಾಗಿಲ ಮುಂದೆ ಬಗ್ಗಿ ಮೆಟ್ಟಿಲಿಗೆ ಒಲೆಯ ಬೂದಿ ಹಾಕುತ್ತಿದ್ದೆ. ನಮ್ಮ ಮೆಟ್ಟಿಲು ಮುಗಿಸಿ ವೆಲೆಟ್ ಅಮ್ಮನ ಮೆಟ್ಟಿಲಿಗೆ, ಅದು ಮುಗಿಸಿ ಕಾಲುದಾರಿಗೆ. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತೆ. ನೀನು ತಲೆಯೆತ್ತಿದೆ. ನನಗೆ ಟೊಪ್ಪಿ, ಮೂಗಿನವರೆಗೆ ಮಫ್ಲರ್. "ನಿಧಾನ ಮೇಡಂ, ಜಾರುತ್ತೆ" ಅಂದೆ ನೀನು, ಫ್ರೆಂಚಿನಲ್ಲಿ. ನನ್ನ ಬಾಯಿಗೆ ಬಂದದ್ದು ಥ್ಯಾಂಕ್ ಯೂ, ಇಂಗ್ಲಿಷಿನಲ್ಲಿ. ತಕ್ಷಣ ನೀನು ಟೊಪ್ಪಿ ತೆಗೆದು "ಪ್ಲೀಸ್ ವಾಕ್ ಸ್ಲೋಲಿ, ಮೇಡಂ" ಎಂದು ನನ್ನ ಮುಂದೆ ನಾಲ್ಕು ಹಿಡಿ ಬೂದಿ ಚೆಲ್ಲಿದೆ.

ಆ ಬೂದಿಯ ಮೇಲೆ ನಡೆದುಕೊಂಡು ಹೋದೆ. ಮೂಲೆ ತಿರುಗಿ ಕೂತುಬಿಟ್ಟೆ.

ಯಾರೋ ದಾರಿಹೋಕಳಿಗೆ ಅಷ್ಟು ಮಾಡಬಲ್ಲವನು ನೀನು. ಗುರುತಿಲ್ಲದವಳನ್ನು ಜಾರದಂತೆ ನಡೆಯಲು ಬಿಟ್ಟೆ. ನನ್ನನ್ನು ಹೊರಡಲೂ ಬಿಡಲಿಲ್ಲ.

ಅಮ್ಮ ಏನಂದಳು ಅಪ್ಪ?

ಜಿನೆಟ್


ಕೆಬೆಕ್
13 ಏಪ್ರಿಲ್

ಜಿನೆಟ್,

ಆ ಹೆಂಗಸು ನೆನಪಿದ್ದಾಳೆ. ನೀಲಿ ಟೊಪ್ಪಿ. ಇಂಥ ದಿನ ಊರು ನೋಡಲು ಬಂದಿದ್ದಾಳಲ್ಲ, ಹೇಳುವವರು ಕೇಳುವವರು ಯಾರೂ ಇಲ್ಲವೇನೋ ಎಂದು ಆವತ್ತು ಅಂದುಕೊಂಡೆ. ನಿನ್ನ ಕಾಗದ ಓದಿ ಆ ಜಾಗಕ್ಕೆ ಹೋಗಿ ನಿಂತೆ. ವೆಲೆಟ್ ಅಮ್ಮ ಕಿಟಕಿ ತೆಗೆದು, "ಏನು ಕಳ್ಕೊಂಡೆ ರೊಸೇರ್?" ಅಂದಳು.

ಈಗ ಬರೆಯುತ್ತೇನೆ. ಇದನ್ನು ಓದಿದ ಮೇಲೆ ನೀನು ಬರದೆ ಇರಬಹುದು. ಆದರೂ ಬರೆಯುತ್ತೇನೆ.

ರಸ್ತೆಗಿಳಿಯುವುದು ಬೇಡ ಎಂದು ನಿನ್ನಮ್ಮ ಹೇಳಲೇ ಇಲ್ಲ. ಅದು ನನ್ನ ಮಾತು. ಅವಳ ಬಾಯಿಗೆ ನಾನೇ ಇಟ್ಟೆ.

ಆಸ್ಪತ್ರೆಗೆ ಸೇರಿಸಿದ ಮಾರನೆಯ ದಿನ, ಶುಕ್ರವಾರ, ಕೇಳಿದಳು. "ಜಿನೆಟ್‌ಗೆ ಹೇಳಿದ್ಯಾ?" ಹೇಳಿದೆ ಅಂದೆ. "ಹೊರಟ್ಲಾ?" ಹೊರಟಳು ಅಂದೆ. ಕಿಟಕಿಯ ಆಚೆ ಕೋಟೆಯ ಗೋಡೆಯೇ ಕಾಣುತ್ತಿರಲಿಲ್ಲ, ಅಷ್ಟು ಬಿಳಿ. ಅವಳ ಮನಸ್ಸಿಗೆ ಸಮಾಧಾನವಾಗಲಿ, ನಾಳೆ ಗಾಳಿ ನಿಲ್ಲುತ್ತದೆ, ನಾಳೆ ಫೋನ್ ಮಾಡಿದರಾಯಿತು ಅಂದುಕೊಂಡೆ.

ಶನಿವಾರ ಕಣ್ಣು ತೆರೆದವಳೇ, "ಎಲ್ಲಿಗೆ ಬಂದ್ಲು?" ಅಂದಳು. ಎಡ್ಮಂಡ್‌ಸ್ಟನ್ ಅಂದೆ. "ಅಲ್ಲೇ ಮಲಗ್ಲಿ, ಸುಸ್ತಾಗಿರುತ್ತೆ." ಭಾನುವಾರ ಮತ್ತೆ ಕೇಳಿದಳು. ಮೊಂಮಾನಿ ದಾಟಿದಳು, ಹಿಮದ ಲಾರಿಯ ಬೆನ್ನಿಗೇ ಬರುತ್ತಿದ್ದಾಳೆ ಅಂದೆ. ಯಾವ ಊರಲ್ಲಿ ಎಷ್ಟು ಹೊತ್ತು, ಎಲ್ಲಿ ಪೆಟ್ರೋಲು, ಎಲ್ಲಿ ಕಾಫಿ, ಎಲ್ಲ ಹೇಳಿದೆ. ಆ ರಸ್ತೆ ನನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲವಲ್ಲ. ಅವಳು ಕೇಳುತ್ತಾ ಕೇಳುತ್ತಾ ನಿನ್ನ ಜೊತೆ ಕಾರಿನಲ್ಲೇ ಕೂತವಳ ಹಾಗೆ ಇದ್ದಳು. "ನಿಧಾನ ಬರ್ಲಿ. ನಾನೇನು ಎಲ್ಲಿಗೂ ಹೋಗಲ್ಲ" ಅಂದಳು.

ಸೋಮವಾರ ಬೆಳಿಗ್ಗೆ ನರ್ಸನ್ನು ಕರೆದು ತಲೆ ಬಾಚಿಸಿಕೊಂಡಳು. "ಮಗಳು ಲೆವಿಗೆ ಬಂದಿದ್ದಾಳೆ, ನದಿ ದಾಟಿದ್ರೆ ಆಯ್ತು" ಎಂದು ಅವಳಿಗೆ ಹೇಳಿದಳು. ನಾನು ಲೆವಿ ಅಂದಿರಲಿಲ್ಲ. ಅಷ್ಟು ದೂರ ಅವಳೇ ನಿನ್ನನ್ನು ಕರೆತಂದಿದ್ದಳು. ಹತ್ತು ಗಂಟೆಗೆ ಹೋದಳು.

ಆಮೇಲೆ ನಿನಗೆ ಫೋನ್ ಮಾಡಬೇಕಿತ್ತು. ಏನೆಂದು ಮಾಡಲಿ? ಪೂಜೆ ಮುಗಿಯಲಿ, ಹಿಮ ಮುಗಿಯಲಿ ಎಂದು ಒಂದೊಂದೇ ದಿನ ತಳ್ಳಿದೆ. ನೀನು ದಾರಿಯಲ್ಲಿ ಸತ್ತುಹೋದರೆ ಎಂದು ನಾನು ಹೆದರಿದ್ದು ನಿಜ. ಆದರೆ ಸೋಮವಾರದ ನಂತರ ಹೆದರಿದ್ದು ರಸ್ತೆಗಲ್ಲ, ನಿನಗೆ.

ಮಣ್ಣು ಮಾಡುವ ದಿನವನ್ನು ಗಂಡ ಗೊತ್ತುಮಾಡುವುದು ಇಲ್ಲಿಯ ಪದ್ಧತಿ. ನಿನ್ನೆ ಸ್ಮಶಾನದ ಕಚೇರಿಗೆ ಹೋಗಿ ಆ ಕಾಗದದಲ್ಲಿ ನನ್ನ ಹೆಸರು ಹೊಡೆದು ನಿನ್ನದು ಬರೆಸಿದೆ. ಮೇ ಕೊನೆಯೊಳಗೆ ಕಲ್ಲುಮನೆ ಖಾಲಿಯಾಗಬೇಕು, ಅದೊಂದು ಅವರ ನಿಯಮ. ಉಳಿದಂತೆ ನೀನು ಹೇಳುವವರೆಗೆ ಓನೆಸಿಮ್ ಗುದ್ದಲಿ ಎತ್ತುವುದಿಲ್ಲ. ನಾನು ಬರಕೂಡದು ಅಂದರೆ ಬರುವುದಿಲ್ಲ. ಅದನ್ನೂ ನೀನೇ ಬರೆ.

ಅಪ್ಪ


ಹ್ಯಾಲಿಫ್ಯಾಕ್ಸ್
30 ಏಪ್ರಿಲ್

ಅಪ್ಪ,

ಮೇ ಹತ್ತು, ಶನಿವಾರ, ಬೆಳಿಗ್ಗೆ ಹನ್ನೊಂದು. ಕಚೇರಿಗೆ ತಿಳಿಸಿದ್ದೇನೆ.

ನಿನ್ನ ಕಾಗದವನ್ನು ಮಾಲ್ಕಮ್‌ಗೆ ಓದಿ ಹೇಳಿದೆ. ಅಮ್ಮ ಕಾದಳು, ಆದರೆ ಸಂತೋಷವಾಗಿ ಕಾದಳು ಅಂದ. ಅವನು ಒಳ್ಳೆಯವನು. ಅವನಿಗೆ ಹೊಡೆಯಬೇಕು ಅನ್ನಿಸಿತು.

ಎರಡು ವಾರ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ನಾನು ಒಂದು ಹೆಜ್ಜೆಯೂ ಇಡದ ರಸ್ತೆಯಲ್ಲಿ ಅವಳು ನನ್ನನ್ನು ಲೆವಿಯವರೆಗೆ ಕರೆತಂದಳು. ಅದಕ್ಕೆ ನಿನ್ನನ್ನು ಬೈಯಬೇಕೋ ಏನು ಮಾಡಬೇಕೋ ಗೊತ್ತಾಗಲಿಲ್ಲ. ಕ್ಷಮೆ ಅನ್ನುವ ಮಾತನ್ನು ಈಗ ಕೇಳಬೇಡ. ಬಂದಾಗಲೂ ಕೇಳಬೇಡ.

ನೀನೂ ಬಾ. ನನ್ನ ಪಕ್ಕ ನಿಲ್ಲಬೇಡ ಅನ್ನುವಷ್ಟು ಕೋಪ ಇದೆ. ಆದರೆ ಇರುವವರು ನಾವಿಬ್ಬರೇ, ದೂರ ನಿಂತರೆ ಓನೆಸಿಮ್‌ಗೆ ವಿಚಿತ್ರ ಕಾಣುತ್ತದೆ.

ಎಂಟನೆಯ ತಾರೀಕು ರಾತ್ರಿ ರಿವಿಯೆರ್-ದು-ಲೂ ಊರಿನ ಬಸ್ ನಿಲ್ದಾಣದ ಎದುರಿನ ಮೋಟೆಲಿನಲ್ಲಿ ಮಲಗುತ್ತೇನೆ. ಒಂಬತ್ತರಂದು ಮನೆಗೆ. ಒಂದೇ ಒಂದು ಷರತ್ತು. ಹವೆ ಹೇಗೇ ಇರಲಿ, ಬರಬೇಡ ಅನ್ನಬೇಡ. ಅಂದರೆ ಅಲ್ಲಿಂದಲೇ ಕಾರು ತಿರುಗಿಸುತ್ತೇನೆ. ಮತ್ತೆಂದೂ ಬರುವುದಿಲ್ಲ.

ಜಿನೆಟ್


ಕೆಬೆಕ್
8 ಮೇ, ಮಧ್ಯಾಹ್ನ

ಜಿನೆಟ್,

ಇದನ್ನು ಒಂದು ಗಂಟೆಯ ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಿದ್ದೇನೆ, ನೀನು ತಲುಪುವ ಮೊದಲೇ ಮೋಟೆಲಿನವರಿಗೆ ಕೊಡುತ್ತಾನೆ. ರೇಡಿಯೋದವರು ಬೆಳಿಗ್ಗೆಯಿಂದ ಹೇಳುತ್ತಿರುವುದನ್ನು ನೀನೂ ಕೇಳಿರುತ್ತೀಯ. ಮೇ ತಿಂಗಳಲ್ಲಿ ಇಂಥದ್ದನ್ನು ನಾನು ಮೂರೇ ಸಲ ಕಂಡಿರುವುದು. ಇವತ್ತು ರಾತ್ರಿ ಹಸಿ ಹಿಮ, ನಾಳೆ ಗಾಳಿ. ಮೂರು ಸಲ ಫೋನ್ ಎತ್ತಿ ಆ ಮೋಟೆಲಿನ ನಂಬರ್ ತಿರುಗಿಸಿದೆ, ಮೂರು ಸಲ ಇಟ್ಟೆ. ವೆಲೆಟ್ ಅಮ್ಮ ಎದುರಿಗೇ ಕೂತಿದ್ದಳು. "ಬರಿ, ಮಾತಾಡಿದ್ರೆ ಕೆಡಿಸ್ತೀಯ" ಅಂದಳು.

ಗಮನವಿಟ್ಟು ಓದು. ನಾಳೆ ಬೆಳಿಗ್ಗೆ ಏಳು ಗಂಟೆಗೆ ಮೊದಲು ಹೊರಡಬೇಡ, ಅಷ್ಟರಲ್ಲಿ ಮೊದಲ ಲಾರಿ ಒಂದು ಸುತ್ತು ಹೋಗಿರುತ್ತದೆ. ಟ್ಯಾಂಕು ತುಂಬಿಸು, ಅರ್ಧ ಬೇಡ. ಸೇಂಟ್ ಪಾಸ್ಕಲ್ ದಾಟುವವರೆಗೆ ಬೆಟ್ಟದ ಮರೆಯಿದೆ, ಹೆದರಬೇಡ. ಪೊಕಾಟಿಯೆರ್ ನಂತರ ಬಯಲು. ಗಾಳಿ ಬಲಗಡೆಯಿಂದ, ನದಿಯ ಕಡೆಯಿಂದ ಬರುತ್ತದೆ. ಸ್ಟಿಯರಿಂಗನ್ನು ಸಡಿಲ ಹಿಡಿ, ಗಾಳಿಗೆ ಎದುರು ತಿರುಗಿಸಲು ಹೋಗಬೇಡ, ಗಾಳಿ ನಿಂತಕೂಡಲೇ ಕಾರು ರಸ್ತೆ ಬದಿಯ ಹಳ್ಳಕ್ಕೆ ಹಾರುತ್ತದೆ. ಹೆಚ್ಚಿನವರು ಹೋದದ್ದು ಹಾಗೆ. ಹಿಮದ ಲಾರಿ ಸಿಕ್ಕರೆ ಅದರ ಹಿಂದೆ ಇಪ್ಪತ್ತು ಮಾರು ಬಿಟ್ಟು ಬಾ. ಎಷ್ಟೇ ನಿಧಾನವಿರಲಿ ದಾಟಬೇಡ, ಒಳಗಿರುವವನಿಗೆ ನೀನು ಕಾಣುವುದಿಲ್ಲ. ಲಿಸ್ಲೆ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಕಾಫಿ ಕುಡಿ. ದಾರಿ ಮುಂದೆ ಹೇಗಿದೆ ಎಂದು ಅಲ್ಲಿ ಲಾರಿಯವರನ್ನು ಕೇಳು, ರೇಡಿಯೋದವರನ್ನು ನಂಬಬೇಡ. ಸೇತುವೆಯ ಮೇಲೆ ಗಾಳಿ ಜಾಸ್ತಿ, ಲೆವಿಯಲ್ಲಿ ಕಾರು ಸಮೇತ ದೋಣಿ ಹತ್ತು.

ಹವೆ ಬಹಳ ಕೆಟ್ಟದಾಗಿದೆ. ಬಾ.

ಅಪ್ಪ